ಆರು ವರ್ಷದ ಅಳಿಯ, 1952ರಲ್ಲಿ ಹುಟ್ಟಿದವನು

ಅಕ್ಕನ ಮಗನಿಗೆ ಆರೂವರೆ ವರ್ಷ. ಇದು ಮನೆಯೊಳಗಿನ ಲೆಕ್ಕ. ಹೊಸ್ತಿಲು ದಾಟಿದ ಮೇಲೆ ಅವನ ವಯಸ್ಸು ಎಷ್ಟಾಗುತ್ತದೆ ಅನ್ನುವುದು ಎದುರಿಗೆ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ.

ಕಳೆದ ಭಾನುವಾರ ಸಿನಿಮಾ ನೋಡಲು ಮೈಸೂರಿನ ಕೆಂಪು ಬಸ್ಸು ಹತ್ತಿದೆವು. ಅಕ್ಕನಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ನನಗೆ ಪೂರ್ತಿ. ಗಂಡುಮಗು, ಆರು ದಾಟಿದೆ, ಹಾಗಾಗಿ ಅರ್ಧ ಟಿಕೆಟ್ ತೆಗೆಯಬೇಕು. ನಲವತ್ತರ ಅಮ್ಮ ಪುಕ್ಕಟೆ, ಮಡಿಲಲ್ಲಿ ಕೂತವನಿಗೆ ದುಡ್ಡು ಅನ್ನುವುದು ಅಕ್ಕನಿಗೆ ಸಹಿಸಲಾಗದ ಅನ್ಯಾಯ. "ಕಂಡಕ್ಟರ್ ಕೇಳಿದ್ರೆ ಐದು ಅನ್ನು ಪುಟ್ಟಾ" ಎಂದು ಕಿವಿಯಲ್ಲಿ ಊದಿದಳು. ಹೋದ ವರ್ಷ ಇದೇ ಅಕ್ಕ ಇದೇ ಮಗನಿಗೆ ಆರು ತುಂಬಿಸಲು ಪಟ್ಟ ಪಾಡು ನೋಡಬೇಕಿತ್ತು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಲೇಬೇಕು ಅಂತ ಸರ್ಕಾರ ಪಟ್ಟು ಹಿಡಿದು, ಕೊನೆಗೆ 2025-26ರ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಅಂದಾಗ ಅವಳು ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಬಂದಿದ್ದಳು. ಎರಡನೇ ಕ್ಲಾಸಿನ ಹುಡುಗ ಈಗ ಬಸ್ಸಿನಲ್ಲಿ ಮತ್ತೆ ಐದಕ್ಕೆ ಇಳಿದ.

ಸಿನಿಮಾ 'ಯುಎ 16+'. ಪೋಸ್ಟರಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರ, ನಾಯಕನ ಕೈಯಲ್ಲಿ ಬಾಳೆಗೊನೆಯಷ್ಟುದ್ದದ ಲಾಂಗು.

ಈ ಅಂಕಿ ಹೊಸದು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಬಂದ ಮೇಲೆ 1983ರವರೆಗೆ ಎರಡೇ ಜಾತಿ: ಎಲ್ಲರೂ ನೋಡುವ 'ಯು', ದೊಡ್ಡವರು ಕದ್ದು ನೋಡುವ 'ಎ'. ನಡುವಿನವರಿಗೆ ಅಂತ 'ಯುಎ' ಬಂತು, ಹನ್ನೆರಡರ ಕೆಳಗಿನವರಿಗೆ ಅಪ್ಪ-ಅಮ್ಮನ ಮಾರ್ಗದರ್ಶನ ಬೇಕು ಅಂತ. 2023ರ ತಿದ್ದುಪಡಿಯಲ್ಲಿ ಅದನ್ನೇ ಮತ್ತೆ ಮೂರು ಹೋಳು ಮಾಡಿದರು: 7+, 13+, 16+. ಕೇಳಲು ಬಹಳ ಶಿಸ್ತು. ಸ್ವಾರಸ್ಯ ಇರುವುದು ಇಲ್ಲಿ: ಹದಿನಾರು ಅಂದರೆ ಹದಿನಾರಲ್ಲ. ಅದು ಬರೀ ಸಲಹೆ. ಜೊತೆಗೆ ಹಿರಿಯರಿದ್ದರೆ ಆರು ವರ್ಷದವನೂ ಒಳಗೆ ಹೋಗಬಹುದು. ಬಾಗಿಲಲ್ಲಿ ತಡೆಯುವುದು 'ಎ' ಚಿತ್ರಕ್ಕೆ ಮಾತ್ರ. ಉಳಿದದ್ದೆಲ್ಲ ಮದುವೆ ಪತ್ರಿಕೆಯ ಕೆಳಗೆ 'ಉಡುಗೊರೆ ಬೇಡ, ಆಶೀರ್ವಾದ ಸಾಕು' ಅಂತ ಹಾಕಿಸಿದ ಹಾಗೆ.

ಹಾಗಂತ ಮಲ್ಟಿಪ್ಲೆಕ್ಸಿನ ಬಾಗಿಲಲ್ಲಿ ತಪಾಸಣೆ ಇಲ್ಲ ಅನ್ನಬೇಡಿ. ಅಕ್ಕನ ಬ್ಯಾಗಿನ ಮೂರನೇ ಜಿಪ್ಪು ತೆಗೆಸಿ, ಕರ್ಚೀಫಿನ ಕೆಳಗೆ ಅಡಗಿದ್ದ ಚಕ್ಕುಲಿ ಪೊಟ್ಟಣವನ್ನು ಎಳೆದು ಹೊರಗಿಟ್ಟರು. ನೀರಿನ ಬಾಟಲಿಯೂ ಹೋಯಿತು. ಹುಡುಗನ ತಲೆ ಸವರಿ "ಹೋಗು ಮರಿ" ಅಂದರು. ಈ ದೇಶದಲ್ಲಿ ಚಕ್ಕುಲಿಗೆ ಮಾತ್ರ ಕಟ್ಟುನಿಟ್ಟಾದ 'ಎ' ಸರ್ಟಿಫಿಕೇಟ್.

ಒಳಗೆ ಮಾರ್ಗದರ್ಶನ ಶುರುವಾಯಿತು. ಕಾಯ್ದೆಯಲ್ಲಿ ಈ ಪದವಿದೆಯೇ ಹೊರತು ಅದನ್ನು ಮಾಡುವುದು ಹೇಗೆ ಅಂತ ಯಾರೂ ಬರೆದಿಲ್ಲ, ಪ್ರತಿ ಮನೆಯದೂ ಒಂದೊಂದು ಸಂಪ್ರದಾಯ. ನಮ್ಮಕ್ಕನದು ಅಂಗೈ ಪದ್ಧತಿ. ಮೊದಲ ಐದು ನಿಮಿಷದಲ್ಲಿ ನಾಯಕ ಹನ್ನೊಂದು ಜನರನ್ನು ಕೊಚ್ಚಿದ. ಅಂಗೈ ಪಾಪ್‌ಕಾರ್ನ್ ಡಬ್ಬದಲ್ಲಿತ್ತು. ಒಬ್ಬನ ಕೈ ಹಾರಿ ಕ್ಯಾಮೆರಾದ ಕಡೆಗೇ ಬಂತು. "ಅದು ಸಾಸ್ ಕಣೋ, ಹೆದರಬೇಡ" ಅಂದಳು. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಮಳೆ ಬಂತು, ನಾಯಕಿ ನೆನೆದಳು, ನಾಯಕ ಅವಳ ಹಣೆಯ ಹತ್ತಿರ ಮುಖ ತಂದ. ಪಟ್ ಅಂತ ಹುಡುಗನ ಕಣ್ಣಿಗೆ ಅಂಗೈ, ಉಪ್ಪು-ಬೆಣ್ಣೆ ಸಮೇತ. "ಉರೀತಿದೆ ಅಮ್ಮಾ" ಅಂತ ಅವನು ಅತ್ತದ್ದಷ್ಟೇ ಆ ಚಿತ್ರದಿಂದ ಮಗುವಿಗಾದ ಹಾನಿ.

ಅಕ್ಕನನ್ನು ಬಯ್ಯಲಾರೆ. ಸಿನಿಮಾಗೆ ಸರ್ಟಿಫಿಕೇಟ್ ಕೊಡುವ ಸೆನ್ಸಾರ್ ಮಂಡಳಿಯದೂ ಅಂಗೈ ಪದ್ಧತಿಯೇ. 2015ರಲ್ಲಿ ಜೇಮ್ಸ್ ಬಾಂಡ್ ಚಿತ್ರವೊಂದರ ಮುತ್ತುಗಳನ್ನು ಉದ್ದ ಜಾಸ್ತಿ ಅಂತ ಕತ್ತರಿಸಿದ್ದು ನೆನಪಿದೆಯಲ್ಲ? ಮುತ್ತು ಇರಬಹುದು, ಅಳತೆ ಮೀರಬಾರದು. ಅದೇ ಮನುಷ್ಯನಿಗೆ ಕೊಲ್ಲುವ ಲೈಸೆನ್ಸ್ ಇರುವುದರ ಬಗ್ಗೆ ತಕರಾರಿರಲಿಲ್ಲ. ನಮ್ಮದೇ ಕೆಜಿಎಫ್ ಎರಡನೇ ಭಾಗ 2022ರಲ್ಲಿ 'ಯುಎ' ಪಡೆದು ಬಂತು. ನಾಯಕ 'ದೊಡ್ಡಮ್ಮ' ಅನ್ನುವ ಮೆಷಿನ್‌ಗನ್ನಿನಿಂದ ಪೊಲೀಸ್ ಠಾಣೆಯನ್ನು ಜರಡಿ ಮಾಡಿ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹಚ್ಚುತ್ತಾನೆ. ನಾನೂ ಶಿಳ್ಳೆ ಹೊಡೆದವನೇ, ಸುಳ್ಳೇಕೆ. ಆದರೆ 2012ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಆ ದೃಶ್ಯದಲ್ಲಿ ಎಚ್ಚರಿಕೆಯ ಸಾಲು ಬೇಕಾದದ್ದು ಸಿಗರೇಟಿಗೆ ಮಾತ್ರ. ದೊಡ್ಡಮ್ಮನ ಸಹವಾಸ ಆರೋಗ್ಯಕ್ಕೆ ಹಾನಿಕರ ಅಂತ ಯಾವ ಮೂಲೆಯಲ್ಲೂ ಹಾಕಬೇಕಿಲ್ಲ.

ಇನ್ನು 'ಎ' ಚಿತ್ರದ ಕಥೆ. ಟಾಕೀಸಿನಲ್ಲಿ ಹದಿನೆಂಟು ತುಂಬದವರಿಗೆ ತೋರಿಸುವುದು ಅಪರಾಧ. ಟಿವಿಗೆ ಬರಬೇಕಾದರೆ ಕತ್ತರಿಸಿ, ಮಡಿ ಉಡಿಸಿ, 'ಯುಎ' ಮಾಡಿಸಿಕೊಂಡು ಬರಬೇಕು. ಒಟಿಟಿಗೆ ಮಂಡಳಿಯ ಹಂಗೇ ಇಲ್ಲ. 2021ರ ಐಟಿ ನಿಯಮಗಳ ಪ್ರಕಾರ ತಮ್ಮ ಮಾಲಿಗೆ ತಾವೇ ವಯಸ್ಸಿನ ಚೀಟಿ ಅಂಟಿಸಿಕೊಂಡರಾಯಿತು, ಜೊತೆಗೆ ಪೋಷಕರಿಗೊಂದು ಬೀಗ ಕೊಡಬೇಕು. ನಮ್ಮನೆಯಲ್ಲೂ ಆ ಬೀಗ ಇದೆ. ಅದರ ಪಿನ್ ನಂಬರು ಭಾವನಿಗೆ ಮರೆತುಹೋದಾಗಲೆಲ್ಲ ಮಗನನ್ನು ಕೇಳುತ್ತಾರೆ.

ಮೊಬೈಲ್ ಗೇಮಿನ ಲೋಕ ಇದಕ್ಕಿಂತ ಉದಾರ. ಆಪ್ ಅಂಗಡಿಯಲ್ಲಿ ಗೇಮಿನ ಪಕ್ಕ 12+, 16+ ಅಂತ ಬರುತ್ತದಲ್ಲ, ಅದಕ್ಕೆ ಯಾರೋ ನಾಲ್ಕು ಹಿರಿಯರು ಕೂತು ಆಡಿ ನೋಡಿ ಸಹಿ ಹಾಕಿದ್ದಾರೆ ಅಂದುಕೊಂಡಿದ್ದೆ. ಇಲ್ಲವಂತೆ. ಗೇಮ್ ಮಾಡಿದವನೇ ಪ್ರಶ್ನಾವಳಿ ತುಂಬುತ್ತಾನೆ: ರಕ್ತ ಇದೆಯೇ? ಬೈಗುಳ ಇದೆಯೇ? ಜೂಜು ಇದೆಯೇ? ಕಂಪ್ಯೂಟರು ಕೂಡಿ ಕಳೆದು ಅಂಕಿ ಉಗುಳುತ್ತದೆ. ಆಮೇಲೆ ತಪಾಸಣೆಯೂ ಉಂಟು ಅನ್ನುತ್ತಾರೆ. ಬೀಗರ ಮನೆಯವರೇ ಬರೆದುಕೊಟ್ಟ ಜಾತಕವನ್ನು ಮದುವೆಯಾದ ಮೇಲೆ ತೋರಿಸಿದ ಹಾಗೆ.

ರಕ್ತದ ಪ್ರಶ್ನೆಗೆ ಒಂದು ಜಾಣ ಪರಿಹಾರ ಸಿಕ್ಕಿದೆ. 2020ರಲ್ಲಿ ಪಬ್ಜಿ ನಿಷೇಧವಾಗಿ, ಮರುವರ್ಷ ಬಿಜಿಎಂಐ ಅಂತ ಮರುಹುಟ್ಟು ಪಡೆದಾಗ ಸಂಸ್ಕಾರ ಕಲಿತು ಬಂತು. ಗುಂಡು ಅದೇ, ಬಂದೂಕು ಅದೇ, ಬಿದ್ದು ಸಾಯುವವರೂ ಅಷ್ಟೇ ಜನ. ರಕ್ತ ಮಾತ್ರ ಹಸಿರು. ಕುಂಬಳಕಾಯಿ ಒಡೆದು ಬಲಿ ಕೊಟ್ಟೆವು ಅನ್ನುವ ನಾಡಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹದಿನೆಂಟರ ಕೆಳಗಿನವರಿಗೆ ದಿನಕ್ಕೆ ಮೂರೇ ಗಂಟೆ ಆಟ, ಅಪ್ಪನೋ ಅಮ್ಮನೋ ನಂಬರು ಕೊಡಬೇಕು ಅಂತಲೂ ಹಾಕಿದ್ದರು. ಮೂರು ಗಂಟೆ! ನಮ್ಮ ಕಾಲದಲ್ಲಿ ಪರೀಕ್ಷೆ ಹಿಂದಿನ ರಾತ್ರಿ ಅಷ್ಟು ಓದಿದರೆ ಮನೆಯಲ್ಲಿ ಹಬ್ಬ.

ಸಿನಿಮಾ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಹುಡುಗ ನನ್ನ ಫೋನು ಇಸಿದುಕೊಂಡು ಯಾವುದೋ ಗುಂಡು ಹಾರಿಸುವ ಆಟ ಇಳಿಸಿದ. ಹುಟ್ಟಿದ ವರ್ಷ ಕೇಳಿತು. ಓದಿಯೂ ನೋಡದೆ ಆ ವರ್ಷಗಳ ಗಾಲಿಯನ್ನು ಹೆಬ್ಬೆರಳಿನಿಂದ ಬುಗುರಿಯಂತೆ ತಿರುಗಿಸಿಬಿಟ್ಟ. ಗಿರಗಿರ ತಿರುಗಿ ನಿಂತದ್ದು 1952ಕ್ಕೆ. ಅವನೂ ಸಿನಿಮಾಟೋಗ್ರಾಫ್ ಕಾಯ್ದೆಯೂ ಓರಗೆಯವರಾದರು. ಭೀಮರಥ ಶಾಂತಿ ಮುಗಿಸಿಕೊಂಡ ಹಿರಿಯರೊಬ್ಬರು ಆರು ವರ್ಷದ ಹೆಬ್ಬೆರಳಿನಲ್ಲಿ ಬಂದೂಕು ಹಿಡಿದು ಹೊರಟರು. ಆಪಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ, ಸ್ವಾಗತ ಅಂದಿತು.

ಬಸ್ಸು ಬಂತು. ಅಕ್ಕನಿಗೆ ಸೀಟು ಸಿಕ್ಕಿತು, ಹುಡುಗ ಮಡಿಲಲ್ಲಿ ಕೂತ, ಕಣ್ಣು ಇನ್ನೂ ಸ್ವಲ್ಪ ಕೆಂಪಗಿತ್ತು. ಕಂಡಕ್ಟರ್ ಅವನನ್ನು ಅಳೆದು ನೋಡಿ, "ಎಷ್ಟು ವರ್ಷ ಮರಿ?" ಅಂದ.

ಹುಡುಗ ಫೋನಿನಿಂದ ತಲೆ ಎತ್ತಿದ. "ಯಾವುದಕ್ಕೆ?" ಅಂದ.