ಇನ್ನೂ ಆಡ್ತೀಯಾ?

ಕಾರವಾರದಿಂದ ಗೋವಾದ ಮಡಗಾಂವ್‌ಗೆ ಹೆಚ್ಚೆಂದರೆ ಎಪ್ಪತ್ತು ಕಿಲೋಮೀಟರ್. ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಮಾಜಾಳಿ, ಪೋಳೆಂ, ಆಮೇಲೊಂದು ಘಾಟಿ, ಅಷ್ಟೇ. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ. ಹೊರನಾಡ ಕನ್ನಡಿಗ ಅಂತ ಹೇಳಿಕೊಳ್ಳಲು ನನಗೇ ನಗು ಬರುತ್ತದೆ. ದುಬೈಯಲ್ಲಿರುವ ಗೆಳೆಯರು ಎರಡು ವರ್ಷಕ್ಕೊಮ್ಮೆ ಊರು ನೋಡಿದರೆ ನಾನು ಅಕ್ಕ ಮಾಡಿದ ಬಂಗಡೆ ಸಾರು ಆರುವ ಮುಂಚೆ ಊರು ತಲುಪುತ್ತೇನೆ. ಅದೇ ಕಡಲು, ಅದೇ ಮೀನು, ಕಾರವಾರದ ಪೇಟೆಯಲ್ಲಿ ಕೇಳುವ ಕೊಂಕಣಿಯೇ ಇಲ್ಲೂ. ಆದರೂ ಒಂದು ವಿಷಯದಲ್ಲಿ ನಾವು ಮತ್ತು ಇವರು ಬೇರೆ. ಅದು ನನಗೆ ಹೊಳೆದದ್ದು ಬ್ರೆಜಿಲ್‌ನ ಒಬ್ಬ ಹೆಂಗಸಿನಿಂದ.

2021ರ ನವೆಂಬರ್ 26, ಬೆಳಗಿನ ಆರೂವರೆ. ಬ್ರೆಜಿಲ್‌ನ ಮನೌಸ್‌ನಲ್ಲಿ ಆಗ ಇನ್ನೂ ಹಿಂದಿನ ದಿನದ ರಾತ್ರಿ. ಭಾರತದ ಮಹಿಳಾ ಫುಟ್‌ಬಾಲ್ ತಂಡ ಬ್ರೆಜಿಲ್ ಜೊತೆ ಆಡುತ್ತಿತ್ತು. ಮೊದಲ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟೆವು. ಅಷ್ಟರಲ್ಲಿ ಕೆಳಗೆ ಪಾವ್ ಮಾರುವ ಪೊದೇರ ಸೈಕಲ್ ಹಾರ್ನ್ ಒತ್ತಿದ. ಪಾವ್ ತರಲು ಇಳಿದೆ. ಎಂಟನೇ ನಿಮಿಷದಲ್ಲಿ ಮನೀಷಾ ಕಲ್ಯಾಣ್ ಚೆಂಡು ಎಳೆದುಕೊಂಡು ಹೋಗಿ ಸಮ ಮಾಡಿದಳು. ನಾನು ನೋಡಿದ್ದು ರಿಪ್ಲೇ ಮಾತ್ರ. ಪಾವ್ ಬಿಸಿಯಿತ್ತು, ಸಮಾಧಾನ ಆಗಲಿಲ್ಲ. ಕೊನೆಗೆ 6-1ಕ್ಕೆ ಸೋತೆವು, ಅದಿರಲಿ.

ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿದೆ ಅನ್ನುವಾಗ ಬ್ರೆಜಿಲ್ ಕಡೆಯಿಂದ ಒಬ್ಬಳು ಒಳಗೆ ಬಂದಳು. ವಯಸ್ಸು 43. ಇಡೀ ಮೈದಾನ ಎದ್ದು ನಿಂತಿತು. ಫೊರ್ಮೀಗಾ ಅಂದರು. ದೇಶಕ್ಕಾಗಿ ಆಕೆಯ ಕೊನೆಯ ಪಂದ್ಯ ಅದು, ನಮ್ಮವರ ವಿರುದ್ಧವೇ.

ನಮ್ಮ ಮನೆ ಮಾಲಕಿ ಎಂಬತ್ತರ ಹತ್ತಿರದ ಅಜ್ಜಿ. ಎಲ್ಲರೂ ಮಾಯ್ ಅನ್ನುತ್ತೇವೆ. ಪೋರ್ಚುಗೀಸರ ಕಾಲದ ಶಾಲೆಯಲ್ಲಿ ಓದಿದವರು. ಬಾಗಿಲಲ್ಲಿ ನಿಂತು ಹೆಸರು ಕೇಳಿಸಿಕೊಂಡು, "ಫೊರ್ಮೀಗಾ? ಅಂದ್ರೆ ಮೂಯ್" ಅಂದರು. ಕೊಂಕಣಿಯ ಮೂಯ್ ಅಂದರೆ ಇರುವೆ. ಆ ಆಟಗಾರ್ತಿಯ ನಿಜ ಹೆಸರು ಮಿರೈಲ್ಡೆಸ್ ಮಾಸಿಯೆಲ್ ಮೋತಾ. ದಣಿವಿಲ್ಲದೆ ಎಲ್ಲರಿಗಾಗಿ ಓಡುತ್ತಾಳೆ ಅಂತ ಸಣ್ಣವಳಿದ್ದಾಗಲೇ ಹೀಗೆ ಕರೆದರಂತೆ.

ಆಕೆ ಮಿಡ್‌ಫೀಲ್ಡರ್. ಎದುರಾಳಿಯ ಕಾಲಿಂದ ಚೆಂಡು ಕಸಿದು ಮುಂದಿನವರಿಗೆ ಕೊಡುವುದು, ಅವರು ಕಳೆದುಕೊಂಡರೆ ಮತ್ತೆ ಹಿಂದಕ್ಕೆ ಓಡಿ ಬರುವುದು, ಇದೇ ಕೆಲಸ. ಬ್ರೆಜಿಲ್ ಪರ ಗೋಲು ಹೊಡೆದ ಮಾರ್ತಾಳ ಹೆಸರು ಕಾರವಾರದ ಹುಡುಗರಿಗೂ ಗೊತ್ತು, ಚೆಂಡು ತಂದುಕೊಟ್ಟವಳದ್ದು ಗೊತ್ತಿಲ್ಲ.

ಆಕೆ ಹುಟ್ಟಿದ್ದು 1978ರಲ್ಲಿ, ಬಾಹಿಯಾದ ಸಾಲ್ವಡೋರ್‌ನಲ್ಲಿ. ಆಗ ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದು ಕಾನೂನಿಗೆ ವಿರುದ್ಧ. 1941ರಲ್ಲಿ ತಂದ ನಿಷೇಧ ಹೋದದ್ದು 1979ರಲ್ಲಿ. ಬೀದಿಯಲ್ಲಿ ಹುಡುಗರ ಜೊತೆ ಆಡಿದ್ದಕ್ಕೆ ಅಣ್ಣಂದಿರ ಕೈಯಲ್ಲಿ ಪೆಟ್ಟು ತಿಂದವಳು 17ನೇ ವಯಸ್ಸಿಗೆ, 1995ರಲ್ಲಿ, ಸ್ವೀಡನ್‌ನಲ್ಲಿ ನಡೆದ ವಿಶ್ವಕಪ್‌ಗೆ ಹೋದಳು. ಅಲ್ಲಿಂದ 2019ರವರೆಗೆ ಏಳು ವಿಶ್ವಕಪ್. ಗಂಡಸರಲ್ಲಿ ಒಬ್ಬರೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಫುಟ್‌ಬಾಲ್ ಶುರುವಾದದ್ದೇ 1996ರಲ್ಲಿ. ಆಗಿನಿಂದ ಟೋಕಿಯೋವರೆಗೆ ಒಂದನ್ನೂ ಬಿಡಲಿಲ್ಲ, ಅದೂ ಏಳು. ಎರಡು ಬೆಳ್ಳಿ. 37ಕ್ಕೆ ವಿಶ್ವಕಪ್‌ನಲ್ಲಿ ಗೋಲು. 2016ರಲ್ಲಿ ಸಾಕು ಅಂದು ಹೊರಟಳು. ಕೋಚ್ ಬಿಡಲಿಲ್ಲ, ಬಾ ಅಂತ ಕರೆದರು, 2018ರಲ್ಲಿ ಮತ್ತೆ ಬಂದಳು. ಮುಂದಿನ ವರ್ಷದ ವಿಶ್ವಕಪ್ ಆಡುವಾಗ 41.

ನನಗೆ ಸಿಕ್ಕಿಹಾಕಿಕೊಂಡದ್ದು ಆ "ಬಾ" ಅನ್ನುವ ಮಾತು. ಮೂವತ್ತೆಂಟು ದಾಟಿ ಮನೆಗೆ ಹೋದವಳನ್ನು ವಾಪಸ್ ಆಡಲು ಕರೆದರಲ್ಲ!

ನಮ್ಮಲ್ಲಿ ಕೇಳುವುದು ಬೇರೆ ಮಾತು. ನನ್ನ ಅಕ್ಕ ಕೋಡಿಬಾಗದ ಮರಳಲ್ಲಿ ನಮ್ಮ ಜೊತೆ ಫುಟ್‌ಬಾಲ್ ಆಡುತ್ತಿದ್ದಳು. ಎಡಗಾಲಿನವಳು. ಅವಳು ಒದ್ದರೆ ಚೆಂಡು ನೇರ ಅಲೆಗೆ ಹೋಗುತ್ತಿತ್ತು, ತರುವ ಕೆಲಸ ನನ್ನದು. ಒಂಬತ್ತನೇ ಕ್ಲಾಸಿಗೆ ಆಟ ನಿಂತಿತು. ನಿಜ ಹೇಳಬೇಕು, ಯಾರೂ ಬೇಡ ಅನ್ನಲಿಲ್ಲ, ಬಯ್ಯಲಿಲ್ಲ, ಬಾಗಿಲು ಹಾಕಲಿಲ್ಲ. ಸುಮ್ನೆ ಕೇಳಿದರು ಅಷ್ಟೇ. ಬಲೆ ಒಣಗಿಸುತ್ತಿದ್ದ ದೊಡ್ಡಪ್ಪ ಕೇಳಿದರು, ಎದುರುಮನೆ ಅತ್ತೆ ಕೇಳಿದರು, ಕಿರಾಣಿ ಅಂಗಡಿಯವರೂ ಕೇಳಿದರು: "ಇನ್ನೂ ಆಡ್ತ್ಯನೇ?" ಎಲ್ಲರೂ ನಗುತ್ತಲೇ ಕೇಳಿದ್ದು. ಒಂದು ತಿಂಗಳಲ್ಲಿ ಅಕ್ಕ ಮನೆಯಿಂದ ಹೊರಡುವುದನ್ನೇ ಬಿಟ್ಟಳು.

ಮಡಗಾಂವ್‌ನಲ್ಲಿ ನಮ್ಮ ಮನೆ ಹಿಂದೆ ಒಂದು ಗದ್ದೆ. ಕೊಯ್ಲು ಮುಗಿದ ಮೇಲೆ ಅದೇ ಮೈದಾನ. ಭಾನುವಾರ ಸಂಜೆ ಅಲ್ಲಿ ಒಬ್ಬಳು ಆಡುತ್ತಾಳೆ, ನನ್ನ ವಯಸ್ಸಿನವಳೇ ಇರಬೇಕು, ಅಂದರೆ ನಲವತ್ತು ದಾಟಿದ್ದು. ಮಗಳು ಎದುರು ತಂಡದಲ್ಲಿ. ಚಪ್ಪಲಿ ಬದುವಿನ ಮೇಲೆ ಬಿಟ್ಟು, ಸ್ಕೂಟರ್ ಕೀಲಿ ಗಂಡನ ಕೈಗೆ ಕೊಟ್ಟು ಇಳಿಯುತ್ತಾಳೆ. ಯಾರೂ ನಿಂತು ನೋಡುವುದಿಲ್ಲ. ನಾನೊಬ್ಬನೇ ನೋಡುವವನು. ಒಂದು ವಾರ ಬರದಿದ್ದಾಗ ಗೋಲ್‌ಕೀಪರ್ ಹುಡುಗ ಅವಳ ಗಂಡನ ಹತ್ತಿರ, "ಇವತ್ತು ಯಾಕೆ ಆಡಲ್ಲ?" ಅಂತ ಕೇಳಿದ. ನಾನು ಹೇಳುತ್ತಿರುವ ವ್ಯತ್ಯಾಸ ಇಷ್ಟೇ. ಇಲ್ಲಿ ಬರದಿದ್ದರೆ ಕೇಳುತ್ತಾರೆ, ನಮ್ಮಲ್ಲಿ ಬಂದರೆ ಕೇಳುತ್ತಾರೆ.

ಗೋವಾ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ವಾರ್ಡಿನ ಹುಡುಗರ ಪಂದ್ಯಕ್ಕೆ ಬೈಕ್ ನಿಲ್ಲಿಸಲು ಜಾಗ ಇರುವುದಿಲ್ಲ, ಹುಡುಗಿಯರದ್ದಕ್ಕೆ ಅವರ ಅಮ್ಮಂದಿರು ಬಿಟ್ಟರೆ ಯಾರೂ ಇರುವುದಿಲ್ಲ. ಆ ಗದ್ದೆಯ ಹೆಂಗಸಿನಂಥವರು ಹತ್ತು ಮಂದಿ ಇದ್ದಾರೆ ಅಂದರೂ ಸುಳ್ಳಾಗುತ್ತದೆ.

ಇನ್ನು ನಮ್ಮೂರಿನವರಿಗೆ ವಯಸ್ಸಾದ ಹೆಂಗಸಿನ ಕಾಲು ಗಟ್ಟಿ ಅನ್ನುವುದು ಗೊತ್ತಿಲ್ಲ ಅಂತಲೂ ಅಲ್ಲ. ಬೈತಖೋಲದಿಂದ ಬುಟ್ಟಿ ಹೊತ್ತು ಬರುವ ಮೀನು ಮಾರುವವರಲ್ಲಿ ಅರವತ್ತರವರಿದ್ದಾರೆ. ಗದ್ದೆ ನೆಟ್ಟಿಗೆ ಬಗ್ಗಿದವರು ಸಂಜೆಗೇ ಸೊಂಟ ನೆಟ್ಟಗೆ ಮಾಡುವುದು. ಅವರನ್ನು ಯಾರಾದರೂ "ಇನ್ನೂ ಹೊರ್ತೀಯಾ?" ಅಂತ ಕೇಳಿದ್ದುಂಟಾ? ದುಡಿಮೆಗೆ ವಯಸ್ಸು ಕೇಳದ ಊರು ಆಟಕ್ಕೆ ಮಾತ್ರ ಕೇಳುತ್ತದೆ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ಆ ನವೆಂಬರ್‌ನಲ್ಲೇ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಬೇರೆ ಸುದ್ದಿಯೇ ಇರಲಿಲ್ಲ. ನಾನೂ ಹತ್ತು ಜನಕ್ಕೆ ಕಳಿಸಿದೆ. ಪ್ರಶಸ್ತಿ 2020ರ ಪಟ್ಟಿಯದು, ಕೊಟ್ಟದ್ದು ಮುಂದಿನ ವರ್ಷ. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು, ಮಣಿಪುರದ ಓಯಿನಾಮ್ ಬೆಂಬೆಂ ದೇವಿ. ಭಾರತದ ಮಿಡ್‌ಫೀಲ್ಡರ್. ಆಕೆಯೂ ಶುರುಮಾಡಿದ್ದು 1995ರಲ್ಲೇ, ಫೊರ್ಮೀಗಾ ವಿಶ್ವಕಪ್‌ಗೆ ಹೋದ ವರ್ಷ. ಸಣ್ಣವಳಿದ್ದಾಗ ಹುಡುಗರು ಆಟಕ್ಕೆ ಸೇರಿಸಿಕೊಳ್ಳಲಿ ಅಂತ ಬೋಬೋ ಅನ್ನುವ ಗಂಡು ಹೆಸರು ಹೇಳಿಕೊಂಡಿದ್ದವಳು. 2016ರವರೆಗೆ, ಅಂದರೆ ಇಪ್ಪತ್ತೊಂದು ವರ್ಷ ದೇಶಕ್ಕೆ ಆಡಿದಳು. ಅರ್ಜುನ ಪ್ರಶಸ್ತಿ ಬಂದದ್ದು 2017ರಲ್ಲಿ, ಆಟ ಬಿಟ್ಟ ಮೇಲೆ. ಪದ್ಮಶ್ರೀ ಪಡೆದ ಮೊದಲ ಭಾರತೀಯ ಮಹಿಳಾ ಫುಟ್‌ಬಾಲ್ ಆಟಗಾರ್ತಿ. ನಮ್ಮ ಗುಂಪಿನಲ್ಲಿ ಒಬ್ಬರೂ ಆಕೆಯ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಪಟ್ಟಿಯನ್ನು ಪೂರ್ತಿ ಓದಿದ್ದು ಫೊರ್ಮೀಗಾಳ ಪಂದ್ಯದ ನಂತರ.

ಶುರುಮಾಡುವುದು ನಮಗೂ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಕಾಡಿನ ಹಳ್ಳಿಗಳಿಂದ ಕರೆದೊಯ್ದು ಓಟ, ಜಿಗಿತ ಕಲಿಸಿದರು. ಕಮಲಾ ಸಿದ್ದಿಯಂಥವರು ದೊಡ್ಡ ಮಟ್ಟಕ್ಕೆ ಹೋದರು. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು, ಮಕ್ಕಳು ಮನೆಗೆ ಬಂದರು.

2022ರಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತಕ್ಕೆ ಬಂತು. ಎರಡೂ ಸೆಮಿಫೈನಲ್ ನಮ್ಮ ಮಡಗಾಂವ್‌ನ ಫಾತೋರ್ಡಾದಲ್ಲಿ, ಅಕ್ಟೋಬರ್ 26ಕ್ಕೆ. ಅವತ್ತು ಬಲಿಪಾಡ್ಯ. ಅಕ್ಕನ ಮಗಳು ರಜೆಗೆ ನಮ್ಮಲ್ಲಿಗೆ ಬರುತ್ತೇನೆ ಅಂತ ಹಟ ಹಿಡಿದಳು. "ಹಬ್ಬದ ದಿನ ಹುಡುಗಿ ಮನೇಲಿರೋದು ಬಿಟ್ಟು ಎಂತಾ ಚೆಂಡಾಟ ಮಾರಾಯಾ" ಅಂತ ಅಕ್ಕ ಫೋನಲ್ಲಿ ಬೈದಳು. ಆದರೂ ಬೆಳಗಿನ ರೈಲಿಗೆ ಕಳಿಸಿದಳು, ಡಬ್ಬಿಯಲ್ಲಿ ಹೋಳಿಗೆ ಇಟ್ಟು. ಕೊಲಂಬಿಯಾದವರು ನೈಜೀರಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿದರು. ಹುಡುಗಿ ಆ ಹೊತ್ತಿಗೆ ಹೋಳಿಗೆ ಡಬ್ಬಿಯ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದಳು. ನೋಡುತ್ತಿದ್ದದ್ದು ಗೋಲು ಹೊಡೆಯುವವರನ್ನಲ್ಲ. "ಮಾವ, ಆ ಆರನೇ ನಂಬರಿನವಳು ನಿಲ್ಲೋದೇ ಇಲ್ಲ ನೋಡು" ಅಂದಳು.

ಈಗ ಅವಳು ಹತ್ತನೇ ಕ್ಲಾಸು. ಬೆಳಿಗ್ಗೆ ಕಾರವಾರದ ಕಡಲ ದಂಡೆಯಲ್ಲಿ ಆರೇಳು ಹುಡುಗಿಯರು ಸೇರಿ ಆಡುತ್ತಾರೆ. ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಾಯಿತು. ಊರು ತನ್ನ ಪ್ರಶ್ನೆ ಶುರುಮಾಡಿದೆ. ಅಕ್ಕ ಅದನ್ನು ಕೇಳಿಸಿಕೊಂಡು ಏನು ಹೇಳುತ್ತಾಳೋ ಅಂತ ನಾನು ಹೆದರಿಕೊಂಡೇ ಇದ್ದೆ.

ಹೋದ ವಾರ ಹುಡುಗಿಯ ಫೋನು. ಬೂಟಿನ ಅಡಿ ಬಿಟ್ಟುಕೊಂಡಿದೆ, ಕಾರವಾರದಲ್ಲಿ ಹುಡುಗಿಯರ ಅಳತೆ ಸಿಗುತ್ತಿಲ್ಲ, ಮಡಗಾಂವ್‌ನಲ್ಲಿ ಐದು ನಂಬರ್ ನೋಡು ಅಂದಳು. ಸರಿ ಅಂದೆ. ಹಿಂದಿನಿಂದ ಅಕ್ಕನ ದನಿ ಬಂತು, ಆಮೇಲೆ ಫೋನೇ ಅವಳ ಕೈಗೆ ಹೋಯಿತು.

"ಐದು ಬೇಡ, ಆರೇ ತಗಾ. ಮುಂದಿನ ವರ್ಷ ಕಾಲು ಹಿಡೀಬೇಕಲ್ಲ."