ಕೆಂಪು ನೆಲದ ಮನೆಗೆ ಬಣ್ಣ ಹುಡುಕುವಾಗ

ಕಳೆದ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಬೇಕೆಂಬ ಅವಸರದಲ್ಲಿ, ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ ಇರುವ ನಮ್ಮ ಹಳೆಯ ಹಂಚಿನ ಮನೆಯ ಚಾವಡಿಗೆ, ಅಂದರೆ ಮುಂದಿನ ಹಜಾರಕ್ಕೆ, ಬೂದು ಬಣ್ಣ ಹೊಡೆಸಿದೆವು. ಬಣ್ಣವನ್ನು ಆರಿಸಿದವಳು ನಾನೇ. ಫೋನಿನಲ್ಲಿ ಕಂಡ ಚಿತ್ರವೊಂದರಲ್ಲಿ ಅದೇ ಬೂದು ಗೋಡೆ, ಅದರ ಮುಂದೆ ಬಿಳಿ ಸೋಫಾ, ಮೂಲೆಯಲ್ಲಿ ಒಂದು ಹಸಿರು ಗಿಡ, ಆಳೆತ್ತರದ ಕಿಟಕಿಯಿಂದ ಬೀಳುವ ಬಿಸಿಲು, ಎಲ್ಲವೂ ಬಹಳ ಶಾಂತವಾಗಿ ಕಂಡಿದ್ದವು. ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಚಾವಡಿಯೂ ಹೆಚ್ಚುಕಡಿಮೆ ಹಾಗೆಯೇ ಕಂಡಿತು. ಆದರೆ ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಹೊತ್ತಿಗೆ, ನಾಲ್ಕು ದಿನ ಬಿಡದೆ ಮಳೆ ಸುರಿಯುತ್ತಿದ್ದಾಗ ಊರಿಗೆ ಹೋದರೆ, ಅಮ್ಮ ಮಧ್ಯಾಹ್ನ ಎರಡು ಗಂಟೆಗೇ ಲೈಟು ಹಾಕಿಕೊಂಡು ಹೂ ಕಟ್ಟುತ್ತಾ ಕುಳಿತಿದ್ದರು. "ಎಂತ ಬಣ್ಣ ಮಾರಾಯ್ತಿ ಇದು? ಹೊರಗೆಯೂ ಮೋಡ, ಒಳಗೆಯೂ ಮೋಡ" ಎಂದರು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ನಾನು ಮನಸ್ಸಿನಲ್ಲಿ ತಿರುವಿ ಹಾಕುತ್ತಲೇ ಇದ್ದೇನೆ.

ನಮ್ಮ ಕರಾವಳಿಯ ಹಳೆಯ ಮನೆಗೆ ಬಣ್ಣ ಹೊಸದಾಗಿ ಬರಬೇಕಾಗಿಲ್ಲ, ಅದು ಮೊದಲೇ ಅಲ್ಲಿ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಮಾಡಿನ ಹಂಚು ಕೆಂಪು, ಗೋಡೆಯೊಳಗಿನ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕೆಂಪು, ರೆಡ್ ಆಕ್ಸೈಡ್ ಹಾಕಿ ಉಜ್ಜಿದ ನೆಲ ಕೆಂಪು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅವರಿಗೆ ಒದಗಿದ್ದು ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು. ಆ ಮಣ್ಣಿನಲ್ಲಿರುವ ಕಬ್ಬಿಣದ ಅಂಶವೇ ಗೂಡಿನ ಬೆಂಕಿಯಲ್ಲಿ ಕೆಂಪಾಗುತ್ತದೆ. ಮುರಕಲ್ಲಿನ ಕೆಂಪಿಗೂ ಕಬ್ಬಿಣವೇ ಕಾರಣ, ನೆಲಕ್ಕೆ ಸಿಮೆಂಟಿನೊಂದಿಗೆ ಬೆರೆಸುವ ಪುಡಿಯೂ ಕಬ್ಬಿಣದ ಆಕ್ಸೈಡೇ. ಹೀಗೆ ತಲೆಯ ಮೇಲಿನಿಂದ ಕಾಲ ಕೆಳಗಿನವರೆಗೆ ಒಂದೇ ಮನೆತನದ ಕೆಂಪು ಹಬ್ಬಿರುವಾಗ, ಗೋಡೆಯ ಬಣ್ಣವನ್ನು ಪ್ರತ್ಯೇಕವಾಗಿ ಆರಿಸಲು ಸಾಧ್ಯವೇ ಇಲ್ಲ. ನೆಲವನ್ನು ನೋಡದೆ ಗೋಡೆಗೆ ಬಣ್ಣ ಹುಡುಕಿದ್ದೇ ನಾನು ಮಾಡಿದ ತಪ್ಪು.

ಇದಕ್ಕೆ ಕಣ್ಣಿನ ಸ್ವಭಾವವೂ ಒಂದು ಕಾರಣ. ಪ್ಯಾರಿಸಿನ ಪ್ರಸಿದ್ಧ ಗೋಬ್ಲಾಂ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗದ ಮೇಲ್ವಿಚಾರಕರಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಷೆವ್ರೋಲ್ ಅವರಿಗೆ, ಅಲ್ಲಿನ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿ ನೋಡಿದರೆ ಕಪ್ಪು ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿದ್ದ ಬಣ್ಣಗಳಿಂದಾಗಿ ಕಣ್ಣಿಗೆ ಅದು ಹಾಗೆ ಕಾಣುತ್ತಿತ್ತು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ಹೇಗೆ ಬದಲಿಸಿ ತೋರಿಸುತ್ತದೆ ಎಂಬುದನ್ನು ಅವರು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ದೊಡ್ಡ ಕೆಂಪು ಹರವಿನ ಪಕ್ಕದಲ್ಲಿಟ್ಟ ಬೂದು ಬಣ್ಣ ಕಣ್ಣಿಗೆ ತುಸು ಹಸಿರು, ತುಸು ನೀಲಿಯ ಕಡೆಗೆ ವಾಲುತ್ತದೆ, ಅಂದರೆ ಇದ್ದುದಕ್ಕಿಂತ ಹೆಚ್ಚು ತಣ್ಣಗೆ ಕಾಣುತ್ತದೆ. ನಮ್ಮ ಚಾವಡಿಯ ಕಿಟಕಿಯ ಹೊರಗೆ ಅಡಿಕೆ ತೋಟ ಬೇರೆ ಇದೆ. ಮಳೆಗಾಲದಲ್ಲಿ ಎಲೆಗಳ ಮೇಲೆ ಬಿದ್ದು ಒಳಬರುವ ಬೆಳಕೇ ಹಸಿರು. ಇವೆರಡೂ ಸೇರಿದ ಮೇಲೆ ಅಮ್ಮನಿಗೆ ಮೋಡ ಕಂಡದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಎಲ್ಲ ಕಡೆಯೂ ಕೇಳಿಬರುವ ಮಾತು ಸರಳ ಶೈಲಿ. ಸರಳವಾಗಿರಬೇಕೆಂಬುದನ್ನು ನಾನೂ ಮನಃಪೂರ್ವಕ ಒಪ್ಪುತ್ತೇನೆ. ಆದರೆ ಸರಳತೆ ಎಂದರೆ ಬಣ್ಣವಿಲ್ಲದಿರುವುದು ಎಂಬ ಅರ್ಥ ಅದಕ್ಕೆ ಹೇಗೆ ಅಂಟಿಕೊಂಡಿತೋ ತಿಳಿಯದು. ನಮ್ಮ ಕೊಂಕಣ ತೀರದ ಕಾವಿ ಕಲೆಯನ್ನು ನೋಡಿ. ಅಲ್ಲಿರುವುದು ಎರಡೇ ಬಣ್ಣ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಬಿಳಿ ಗಾರೆಯ ಮೇಲೆ ಕಾವಿ ಕೆಂಪಿನ ತೆಳು ಪದರ ಹಚ್ಚಿ, ಅದು ಹಸಿಯಾಗಿರುವಾಗಲೇ ಚೂಪಾದ ಉಳಿಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಿದ್ದರು. ಬಳ್ಳಿ, ಹೂವು, ದೇವರ ಕಥೆಗಳು, ಎಲ್ಲವೂ ಆ ಎರಡೇ ಬಣ್ಣಗಳಲ್ಲಿ ಮೂಡಿದವು. ಅದಕ್ಕಿಂತ ಸರಳವಾದ ಅಲಂಕಾರವನ್ನು ನಾನು ಕಂಡಿಲ್ಲ, ಅದಕ್ಕಿಂತ ಧೈರ್ಯದ ಬಣ್ಣವನ್ನೂ ಕಂಡಿಲ್ಲ. ಬಣ್ಣಗಳ ಸಂಖ್ಯೆ ಕಡಿಮೆಯಿರಲಿ, ಇರುವ ಬಣ್ಣಕ್ಕೆ ಕಸುವು ಇರಲಿ ಎಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅದನ್ನು ನೋಡಿದ ಮೇಲೆಯೇ.

ಅಮೆರಿಕದ ಪ್ಯಾಂಟೋನ್ ಸಂಸ್ಥೆ 2000ನೇ ಇಸವಿಯಿಂದ ಪ್ರತಿ ವರ್ಷಕ್ಕೂ ಒಂದು ಬಣ್ಣವನ್ನು ವರ್ಷದ ಬಣ್ಣವೆಂದು ಘೋಷಿಸುತ್ತಾ ಬಂದಿದೆ. 2024ಕ್ಕೆ ಪೀಚ್ ಫಜ್ ಎಂಬ ಹಣ್ಣಿನ ತಿಳಿಬಣ್ಣ, 2025ಕ್ಕೆ ಮೋಕಾ ಮೂಸ್ ಎಂಬ ಕಾಫಿ ಕಂದು. ಇಂತಹ ಟ್ರೆಂಡುಗಳನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಅವುಗಳನ್ನು ನಮ್ಮ ನೆಲದ ಪಕ್ಕದಲ್ಲಿಟ್ಟು ನೋಡಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಪೀಚ್ ಬಣ್ಣ ಕೆಂಪು ನೆಲದ ಮೇಲೆ ಬಹಳ ಚೆನ್ನಾಗಿ ಕೂರುತ್ತದೆ, ಏಕೆಂದರೆ ಅದು ಅದೇ ಕೆಂಪನ್ನು ಬಿಳಿಯಲ್ಲಿ ಕರಗಿಸಿದಂತಿದೆ. ಕಾಫಿ ಕಂದು ಹಾಗಲ್ಲ. ಇಳಿಜಾರು ಮಾಡಿನ ಕೆಳಗೆ, ಮೊದಲೇ ಬೆಳಕು ಕಡಿಮೆಯಿರುವ ಚಾವಡಿಯ ಗೋಡೆಗೆ ಅದನ್ನು ಹಚ್ಚಿದರೆ ಇರುವ ಬೆಳಕೂ ಹೋಗುತ್ತದೆ, ಮಿಗಿಲಾಗಿ ನಮ್ಮ ಹಲಸಿನ ಮರದ ಕಂಬ ಬಾಗಿಲುಗಳಲ್ಲಿ ಆ ಕಂದು ಬಣ್ಣ ಧಾರಾಳವಾಗಿ ಇದೆ. ಗೋಡೆ, ಬಾಗಿಲು, ಸೀಲಿಂಗ್ ಎಲ್ಲಕ್ಕೂ ಒಂದೇ ಗಾಢ ಬಣ್ಣ ಹಚ್ಚುವ ಈಚಿನ ಪದ್ಧತಿ ಮಂಗಳೂರಿನ ಫ್ಲ್ಯಾಟಿನ ಸಣ್ಣ ಓದುವ ಕೋಣೆಗೆ ಒಪ್ಪೀತು, ಅಲ್ಲಿ ಅದು ನಿಜಕ್ಕೂ ಬೆಚ್ಚಗಿನ ಅನುಭವ ಕೊಡುತ್ತದೆ. ಹಂಚೇ ಸೀಲಿಂಗ್ ಆಗಿರುವ ಮನೆಗೆ ಆ ಪ್ರಶ್ನೆಯೇ ಏಳುವುದಿಲ್ಲ.

ಈ ವರ್ಷ ಏಪ್ರಿಲಿನಲ್ಲಿ ಚಾವಡಿಗೆ ಮತ್ತೆ ಬಣ್ಣ ಹೊಡೆಸಿದಾಗ ನಾನು ಕ್ಯಾಟಲಾಗಿನ ಚೀಟಿಯನ್ನು ನಂಬಲಿಲ್ಲ. ಬೆರಳಗಲದ ಚೀಟಿಯಲ್ಲಿ ಹಗುರವಾಗಿ ಕಾಣುವ ಬಣ್ಣ ಇಡೀ ಗೋಡೆಗೆ ಬಂದಾಗ ಹೆಚ್ಚು ಗಾಢವಾಗಿಯೇ ಕಾಣುತ್ತದೆ. ಆದ್ದರಿಂದ ಎರಡಡಿ ಚೌಕದ ರಟ್ಟುಗಳಿಗೆ ಮೂರು ಬಣ್ಣಗಳನ್ನು ಎರಡೆರಡು ಕೋಟು ಹಚ್ಚಿ, ಅವುಗಳ ಬುಡ ಕೆಂಪು ನೆಲಕ್ಕೆ ತಾಗುವಂತೆ ಗೋಡೆಗೆ ಒರಗಿಸಿ ಇಟ್ಟೆವು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ದೀಪ ಹಚ್ಚಿದ ಮೇಲೆ, ಹೀಗೆ ಒಂದು ವಾರ ನೋಡಿದೆವು. ಹಗಲಲ್ಲಿ ಚೆಂದ ಕಂಡ ಗುಲಾಬಿಯೊಂದು ರಾತ್ರಿ ಬಿಳಿ ಟ್ಯೂಬ್‌ಲೈಟಿನಲ್ಲಿ ಸತ್ತಂತಾಯಿತು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಬಿಳಿ ಬಲ್ಬುಗಳ ಬೆಳಕು, ಬೆಳಕಿನ ಬಣ್ಣವನ್ನು ಅಳೆಯುವ ಲೆಕ್ಕದಲ್ಲಿ, 6,500 ಕೆಲ್ವಿನ್, ಅದರಲ್ಲಿ ನೀಲಿ ಹೆಚ್ಚು. 3,000 ಕೆಲ್ವಿನ್ನಿನ ಹಳದಿ ಬೆಳಕಿನ ಬಲ್ಬು ಹಾಕಿದಾಗ ಅದೇ ರಟ್ಟಿಗೆ ಜೀವ ಬಂತು. ಒಂದು ಗೋಡೆಯ ಬಣ್ಣಕ್ಕೆ ಮಾಡುವ ಖರ್ಚಿನ ಮುಂದೆ ಎರಡು ಬಲ್ಬಿನ ಖರ್ಚು ಏನೂ ಅಲ್ಲ, ಆದರೂ ಬಲ್ಬಿನ ವಿಷಯವನ್ನು ನಾವು ಯಾರೂ ಯೋಚಿಸುವುದಿಲ್ಲ. ಕೊನೆಗೆ ಉಳಿದದ್ದು ಸುಣ್ಣಕ್ಕೆ ಚಿಟಿಕೆ ಅರಸಿನ ಬೆರೆಸಿದಂತಹ ಒಂದು ಬಿಳಿ. ಹೆಸರಿಗೆ ಬಿಳಿಯಾದರೂ ಕೆಂಪು ನೆಲದ ಪ್ರತಿಫಲನ ಬಿದ್ದಾಗ ಗೋಡೆಯ ಕೆಳಭಾಗ ತುಸು ಪೀಚ್ ಬಣ್ಣಕ್ಕೆ ತಿರುಗುತ್ತದೆ.

ಬಣ್ಣಕ್ಕಿಂತ ಮೊದಲು ಗೋಡೆಯ ಥಂಡಿಯನ್ನು ನೋಡಬೇಕು ಎಂಬ ಪಾಠವೂ ಕಳೆದ ವರ್ಷವೇ ಸಿಕ್ಕಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಪಡುವಣ ಗೋಡೆಯ ಗಾರೆ ಹೊಸದಾಗಿ ತೇಪೆ ಹಾಕಿದ್ದಾಗಿತ್ತು, ಅದು ಒಣಗುವ ಮೊದಲೇ ಪುಟ್ಟಿ ಎಳೆದು ಬಣ್ಣ ಹೊಡೆದರು. ನಾನು ಕೇಳಿದಾಗ ಕೆಲಸ ವಹಿಸಿಕೊಂಡವರು, "ಏನೂ ಆಗುವುದಿಲ್ಲ ಅಕ್ಕ, ಪ್ರೈಮರ್ ಉಂಟಲ್ಲ" ಎಂದರು. ಆಟಿಯ ಮುಂದಿನ ಸೋಣ ತಿಂಗಳಿಗೆ ಗೋಡೆಯಲ್ಲಿ ಬೊಬ್ಬೆ ಎದ್ದು, ಉಗುರಿನಿಂದ ಮುಟ್ಟಿದರೆ ಬಣ್ಣ ಹಪ್ಪಳದಂತೆ ಕಳಚಿಬಂತು, ಒಳಗೆ ಉಪ್ಪಿನ ಬಿಳಿ ಹೂವು. ಹೊಸ ಸಿಮೆಂಟು ಗಾರೆ ಗಟ್ಟಿಯಾಗಿ ಒಣಗಲು ಏನಿಲ್ಲವೆಂದರೂ 28 ದಿನ ಬೇಕು. ಒಳಗಿನ ತೇವಕ್ಕೆ ಹೊರಬರಲು ದಾರಿ ಕೊಡದೆ ಮೇಲೆ ಪ್ಲಾಸ್ಟಿಕ್ಕಿನಂತಹ ಪೇಂಟು ಮುಚ್ಚಿದರೆ ಅದು ಪೇಂಟನ್ನೇ ತಳ್ಳಿಕೊಂಡು ಬರುತ್ತದೆ. ನಮ್ಮ ಹಿರಿಯರ ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತಿತ್ತು. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿಗೆ ಹೋದಾಗಲೆಲ್ಲ ನಾನು ಈ ಸುಣ್ಣದ ಗುಣವನ್ನು ನೆನೆಯುತ್ತೇನೆ. ಇಟಲಿಯಿಂದ ಬಂದ ಆಂಟೋನಿಯೊ ಮೋಶೆನಿ 1899ರಲ್ಲಿ ಅಲ್ಲಿ ಚಿತ್ರ ಬರೆಯಲು ತೊಡಗಿದರು. ಅಲ್ಲಿನ ಭಿತ್ತಿಚಿತ್ರಗಳಲ್ಲಿ ಬಣ್ಣವನ್ನು ಹಸಿ ಸುಣ್ಣದ ಗಾರೆಯ ಮೇಲೆಯೇ ಹಚ್ಚಿದ್ದರಿಂದ, ಸುಣ್ಣ ಗಾಳಿಯೊಡನೆ ಸೇರಿ ಕಲ್ಲಾಗುವಾಗ ಬಣ್ಣವೂ ಗೋಡೆಯ ಭಾಗವೇ ಆಗಿಬಿಟ್ಟಿತು. ನಡುವೆ ಸಂರಕ್ಷಣೆಯ ಕೆಲಸ ನಡೆದಿದೆ ನಿಜ, ಆದರೆ ನಮ್ಮ ಇಷ್ಟು ಮಳೆಗಾಲಗಳನ್ನು ಕಂಡೂ ಆ ನೀಲಿ, ಆ ಕೆಂಪು ಇನ್ನೂ ಅಲ್ಲಿವೆ.

ಗಾಢ ಬಣ್ಣದ ಆಸೆಯನ್ನು ನಾನು ಗೋಡೆಯಿಂದ ಬಟ್ಟೆಗೆ ವರ್ಗಾಯಿಸಿದ್ದೇನೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂತಹ ಕಡೆ ಅದನ್ನು ಇಂದಿಗೂ ಕೈಮಗ್ಗದಲ್ಲಿ ನೇಯುತ್ತಾರೆ. ಅಮ್ಮನ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷದ ಹಿಂದಿನ ಅಂತಹ ಸೀರೆಯೊಂದಿತ್ತು, ಸಾಸಿವೆ ಹೂವಿನ ಹಳದಿಯ ಮೈ, ಕುಂಕುಮ ಬಣ್ಣದ ಅಂಚು, ಮಡಿಕೆಯಲ್ಲಿ ಸವೆದು ಉಡಲಾಗದ ಸ್ಥಿತಿ. ಸವೆದ ಭಾಗವನ್ನು ಕತ್ತರಿಸಿ ತೆಗೆದು, ಅಂಚು ಕೆಳಗೆ ಬರುವಂತೆ ಮಡಿಚಿ ಹೊಲಿದು, ತೋಟದ ಕಡೆಯ ಕಿಟಕಿಗೆ ಪರದೆ ಮಾಡಿದೆ. ಹಸಿರು ಬೆಳಕು ಆ ಹಳದಿಯ ಮೂಲಕ ಸೋಸಿ ಬರುವಾಗ ಅದರ ತಂಪು ಇಳಿದು ಚಾವಡಿ ಬೆಳಗುತ್ತದೆ. ತೆಳು ಹತ್ತಿಯಾದ್ದರಿಂದ ಮಳೆಗಾಲದಲ್ಲಿ ಒಗೆದರೂ ಮಾಡಿನ ಕೆಳಗೆ ಗಾಳಿಗೆ ಒಣಗುತ್ತದೆ. ಅಂಗಡಿಗಳಲ್ಲಿ ತೋರಿಸುವ ದಪ್ಪ ವೆಲ್ವೆಟ್ ಪರದೆಗೆ ನಮ್ಮಲ್ಲಿ ಬೂಷ್ಟು ಹಿಡಿಯದೆ ಇರದು. ದಿಂಬುಗಳಿಗೆ ಯಕ್ಷಗಾನದ ಕಸೆ ಸೀರೆಯಂತಹ ಚೌಕಳಿಯ ಬಟ್ಟೆ ಹಾಕಿದ್ದೇನೆ. ಇಡೀ ರಾತ್ರಿ ದೂರದಿಂದ ನೋಡುವವರ ಕಣ್ಣಿಗೂ ಎದ್ದು ಕಾಣಬೇಕಾದ ವೇಷದ ಬಣ್ಣ ಅದು, ಎರಡು ದಿಂಬಿಗಿಂತ ಹೆಚ್ಚು ಬೇಕಾಗಲಿಲ್ಲ. ಬೇಸರವಾದರೆ ದಿಂಬಿನ ಕವರು ಬದಲಿಸುವುದು ಅರ್ಧ ಗಂಟೆಯ ಕೆಲಸ. ಬಾಡಿಗೆ ಫ್ಲ್ಯಾಟಿನಲ್ಲಿರುವವರಿಗೆ, ಗೋಡೆಗೆ ಮೊಳೆ ಹೊಡೆಯುವುದಕ್ಕೂ ಒಪ್ಪಿಗೆ ಕೇಳಬೇಕಾದವರಿಗೆ, ಇದೇ ದಾರಿ ಎಂದು ನನಗೆ ಅನಿಸುತ್ತದೆ.

ನನ್ನನ್ನು ನಿಜವಾಗಿ ನೋಯಿಸುವ ಸಂಗತಿ ಒಂದಿದೆ. ಪರಿಚಿತರ ಎಷ್ಟೋ ಮನೆಗಳಲ್ಲಿ ಕೆಂಪು ನೆಲ ಹಳೆಯ ಕಾಲದ್ದೆಂದು ಅದರ ಮೇಲೆಯೇ ಬಿಳಿ ಟೈಲ್ಸ್ ಅಂಟಿಸಿಬಿಟ್ಟಿದ್ದಾರೆ. ದಶಕಗಳ ಕಾಲ ಕಾಲಡಿಯಲ್ಲಿ ನುಣುಪಾದ ಆ ಹೊಳಪು ಮತ್ತೆ ಯಾವ ಹಣಕ್ಕೂ ಸಿಗುವುದಿಲ್ಲ. ಅಲ್ಲಲ್ಲಿ ಬಿರುಕು ಬಿಟ್ಟಿದ್ದರೆ ಅದೇ ಬಣ್ಣದ ಸಿಮೆಂಟು ತುಂಬಿಸಬಹುದು, ತೇಪೆ ಕಂಡರೆ ಕಾಣಲಿ. ನಮ್ಮ ಚಾವಡಿಯ ನಡುವೆ, ಅಜ್ಜ ದಿನವೂ ಆರಾಮಕುರ್ಚಿ ಹಾಕಿ ಕೂರುತ್ತಿದ್ದಲ್ಲಿ, ಕುರ್ಚಿಯ ಕಾಲುಗಳ ನಾಲ್ಕು ಗುರುತುಗಳಿವೆ. ಅಮ್ಮ ಹಬ್ಬದ ಮೊದಲು ನೆಲ ಒರೆಸಿ, ಬಟ್ಟೆಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಉಜ್ಜುವಾಗ ಆ ಗುರುತುಗಳು ಸುತ್ತಲಿನ ಕೆಂಪಿಗಿಂತ ಒಂದು ಪಾಲು ಹೆಚ್ಚು ಕಪ್ಪಾಗಿ ಮೇಲೆದ್ದು ಬರುತ್ತವೆ.

ಹೆಬ್ಬಾಗಿಲಿನ ಹಿಂಬದಿಯ ಬಣ್ಣ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮುಂಬದಿಯ ಮರಕ್ಕೆ ಎಣ್ಣೆ ಹಚ್ಚಿ ಹಾಗೆಯೇ ಬಿಟ್ಟಿದ್ದೇವೆ, ಹಿಂಬದಿಗೆ ಹಿಂದೆ ಯಾರೋ ಬಳಿದ ಪೇಂಟು ಏಳುತ್ತಿದೆ. ನನಗೆ ಅಡಿಕೆ ಎಲೆಯ ಗಾಢ ಹಸಿರು ಇಷ್ಟ. ಅಮ್ಮನಿಗೆ, ಅವರ ತವರಿನ ಅಡುಗೆಮನೆಯಲ್ಲಿ ಸುಣ್ಣಕ್ಕೆ ನೀಲಿ ಬೆರೆಸಿ ಬಳಿಯುತ್ತಿದ್ದ ಆ ತಿಳಿನೀಲಿ ಬೇಕು. ಎರಡನ್ನೂ ಅಂಗೈಯಗಲ ಬಾಗಿಲಿಗೆ ಹಚ್ಚಿ ಇಟ್ಟಿದ್ದೇವೆ. ಹೋದ ಭಾನುವಾರ ಹೊರಗೆ ಜೋರು ಮಳೆ, ಮಧ್ಯಾಹ್ನ ಎರಡೂವರೆ ಗಂಟೆ. ಅಮ್ಮ ಲೈಟು ಹಾಕದೆ ಮಲ್ಲಿಗೆ ಕಟ್ಟುತ್ತಾ, ನಡುನಡುವೆ ತಲೆಯೆತ್ತಿ ಬಾಗಿಲನ್ನು ನೋಡುತ್ತಿದ್ದರು. "ಮಳೆ ಬಿಡಲಿ, ಬಿಸಿಲಲ್ಲಿ ಒಮ್ಮೆ ನೋಡುವ" ಎಂದರು.