ಮನೆ ಹುಡುಗನನ್ನು ಕೊಟ್ಟುಬಿಟ್ಟರು

2025ರ ಮಾರ್ಚ್ 7, ಶುಕ್ರವಾರ. ಮಗ ಶಾಲೆಯಿಂದ ಬಂದವನು ಬ್ಯಾಗ್ ಕೆಳಗಿಡುವ ಮೊದಲೇ ಕೇಳಿದ: "ಅಪ್ಪ, ಮಿಂಟನ್‌ನ ಕೊಟ್ಬಿಟ್ರಂತೆ, ನಿಜಾನಾ?"

ಹೌದು ಅಂದೆ. ಯಾರಿಗೆ ಅಂದ. ಬಾಸ್ಟನ್ ತಂಡಕ್ಕೆ ಅಂದೆ. ಅವನು ಮತ್ತೆ ಮಾತಾಡಲಿಲ್ಲ. ಶೂ ಬಿಚ್ಚಿ ಸೀದಾ ಮೇಲೆ ಹೋದ. ಫ್ರೇಸರ್ ಮಿಂಟನ್ ನಮ್ಮ ಐಸ್ ಹಾಕಿ ತಂಡದ ಆಟಗಾರ. ಮಗ ತನ್ನ ಬೀರು ಬಾಗಿಲಿಗೆ ಅವನ ಕಾರ್ಡ್ ಅಂಟಿಸಿದ್ದ. ಸಂಜೆ ತಿಂಡಿಗೆ ಕರೆದರೆ ಬೇಡ ಅಂದ.

ಒಂಬತ್ತು ವರ್ಷದ ಹುಡುಗನಿಗೆ ಏನು ಹೇಳುವುದು? ನಾವಿರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ, ತಂಡ ಅಂದರೆ ಮೇಪಲ್ ಲೀಫ್ಸ್. 1967ರಲ್ಲಿ ಸ್ಟ್ಯಾನ್ಲಿ ಕಪ್, ಅಂದರೆ ಇಲ್ಲಿನ ಲೀಗ್‌ನ ಕಪ್, ಗೆದ್ದಿದ್ದೇ ಕೊನೆ. ಆರ್‌ಸಿಬಿಗಾಗಿ ಹದಿನೆಂಟು ವರ್ಷ ಕಾದ ನಮಗೆ ಕಾಯುವುದು ಹೊಸದಲ್ಲ. ಕಾಯುವುದಕ್ಕೆ ನನಗೆ ಬೇಜಾರೂ ಇಲ್ಲ. ಬೇಜಾರು ಬೇರೆಯದಕ್ಕೆ.

ಪ್ರತಿ ಮಾರ್ಚ್‌ನಲ್ಲಿ ಒಂದು ದಿನ ಬರುತ್ತದೆ. ಟ್ರೇಡ್ ಡೆಡ್‌ಲೈನ್, ತಂಡಗಳು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಲು ಕೊನೆಯ ದಿನ. ಮಧ್ಯಾಹ್ನ ಮೂರು ಗಂಟೆಯೊಳಗೆ ಯಾರನ್ನು ಕೊಟ್ಟು ಯಾರನ್ನು ತರುತ್ತೀರಿ ಎಂದು ಮುಗಿಸಿಬಿಡಬೇಕು. ಬೆಳಿಗ್ಗೆಯಿಂದ ಟಿವಿಯಲ್ಲಿ ಅದೇ. ಆಫೀಸಿನಲ್ಲಿ ಎಲ್ಲರ ಕೈಯಲ್ಲೂ ಫೋನು. ಹುಡುಗರು ಮಾತ್ರ ಅಲ್ಲ, ಇನ್ನೂ ಆಯ್ಕೆಯೇ ಆಗದ ಹುಡುಗರನ್ನೂ ಕೊಡುತ್ತಾರೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಇನ್ನೆರಡು ವರ್ಷ ಬಿಟ್ಟು ನಡೆಯುವ ಡ್ರಾಫ್ಟ್‌ನಲ್ಲಿ ನಮ್ಮ ಸರದಿಯನ್ನೇ ಬರೆದುಕೊಡುವುದು. ಅದಕ್ಕೆ ಪಿಕ್ ಅನ್ನುತ್ತಾರೆ.

ಆ ದಿನ ಲೀಫ್ಸ್ ಎರಡು ವ್ಯವಹಾರ ಮಾಡಿತು. ಫಿಲಡೆಲ್ಫಿಯಾದಿಂದ ಸ್ಕಾಟ್ ಲಾಟನ್ ಬಂದ. ಅವನಿಗಾಗಿ ಇಪ್ಪತ್ತೊಂದು ವರ್ಷದ ನಿಕಿತಾ ಗ್ರೆಬೆಂಕಿನ್ ಮತ್ತು 2027ರ ಮೊದಲ ಸುತ್ತಿನ ಪಿಕ್ ಹೋಯಿತು. ಬಾಸ್ಟನ್‌ನಿಂದ ಡಿಫೆನ್ಸ್ ಆಟಗಾರ ಬ್ರ್ಯಾಂಡನ್ ಕಾರ್ಲೊ ಬಂದ. ಅವನಿಗಾಗಿ ಮಿಂಟನ್, 2026ರ ಮೊದಲ ಸುತ್ತಿನ ಪಿಕ್, ಮೇಲೊಂದು ನಾಲ್ಕನೇ ಸುತ್ತಿನದು. 2025ರ ಮೊದಲ ಸುತ್ತಿನದು? ಅದನ್ನು 2023ರಲ್ಲೇ ಜೇಕ್ ಮೆಕೇಬ್‌ಗಾಗಿ ಶಿಕಾಗೋಗೆ ಕೊಟ್ಟಾಗಿತ್ತು. ಅಂದರೆ ಸಾಲಾಗಿ ಮೂರು ವರ್ಷದ ಬಿತ್ತನೆ ಬೀಜ ಮಾರಿ ಈ ವರ್ಷದ ಊಟ ಮಾಡಿದ ಹಾಗಾಯ್ತು.

ಮಿಂಟನ್‌ಗೆ ಇಪ್ಪತ್ತು ವರ್ಷ. 2022ರಲ್ಲಿ ಎರಡನೇ ಸುತ್ತಿನಲ್ಲಿ ಲೀಫ್ಸೇ ಆರಿಸಿಕೊಂಡ ಹುಡುಗ. ದೊಡ್ಡ ಸ್ಟಾರ್ ಏನಲ್ಲ. ಆದರೆ ಆ ಸೀಸನ್‌ನಲ್ಲಿ ಅವನು ಮೊದಲ ಗೋಲು ಹೊಡೆದಾಗ ನನ್ನ ಮಗ ಸೋಫಾ ಮೇಲಿಂದ ಹಾರಿದ್ದ. ಆರಿಸಿದ್ದು ನಾವು, ಬೆಳೆಸಿದ್ದು ನಾವು. ಆಡುವ ಹೊತ್ತಿಗೆ ಕೊಟ್ಟೆವು. ಅದೂ ಬಾಸ್ಟನ್‌ಗೆ! 2013, 2018, 2019, 2024, ನಾಲ್ಕು ಸಲ ಪ್ಲೇಆಫ್‌ನ ನಿರ್ಣಾಯಕ ಏಳನೇ ಪಂದ್ಯದಲ್ಲಿ ನಮ್ಮನ್ನು ಮನೆಗೆ ಕಳಿಸಿದ ತಂಡಕ್ಕೆ.

ಇದು ನನಗೆ ಇಷ್ಟು ಚುಚ್ಚುವುದಕ್ಕೆ ಒಂದು ಕಾರಣ ಇದೆ. ನಾನು ಮಡಿಕೇರಿಯವನು. ಕೊಡವನಲ್ಲ, ಆದರೆ ಹಾಕಿ ನೋಡಿ ಬೆಳೆದವನು. ಏಪ್ರಿಲ್ ಬಂತೆಂದರೆ ನಮಗೆ ಬೇರೆ ಕೆಲಸವೇ ಇರಲಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಮನೆತನಗಳನ್ನು ಸೇರಿಸಿ ಶುರು ಮಾಡಿದ ಕೊಡವ ಮನೆತನಗಳ ಹಾಕಿ ಹಬ್ಬ ಅದು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದವು, ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396.

ಅಲ್ಲಿ ತಂಡ ಅಂದರೆ ಒಕ್ಕ. ಹುಟ್ಟಿದ ಮನೆತನವೇ ಜರ್ಸಿ. ಭಾರತಕ್ಕೆ ಆಡಿದವರೂ ಆ ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಪಕ್ಕ, ಅತ್ತಿಗೆಯ ಪಕ್ಕ, ಕಾಲೇಜು ಹುಡುಗನ ಪಕ್ಕ ನಿಂತು ಆಡುತ್ತಾರೆ. ಗೋಲ್‌ಕೀಪರ್ ಸರಿಯಿಲ್ಲ ಅಂತ ಪಕ್ಕದ ಒಕ್ಕದಿಂದ ತರುವ ಹಾಗಿಲ್ಲ. ಇದ್ದವರಲ್ಲೇ ಯಾರಾದರೂ ಪ್ಯಾಡ್ ಕಟ್ಟಿಕೊಳ್ಳಬೇಕು. ನನ್ನ ಗೆಳೆಯನ ಮನೆತನ ಒಮ್ಮೆ ಮೊದಲ ಸುತ್ತಿನಲ್ಲೇ ಆರು ಗೋಲು ತಿಂದಿತು. ಕೀಪರ್ ಆಗಿದ್ದವರು ಅವನ ದೊಡ್ಡಪ್ಪ, ಐವತ್ತು ದಾಟಿದವರು. ಮುಗಿದ ಮೇಲೆ ಅವರನ್ನು ಎಲ್ಲರೂ ಸುತ್ತುವರಿದು ಬೆನ್ನು ತಟ್ಟಿದರು. ಅಮ್ಮಂದಿರು ತಂದಿದ್ದ ಊಟದ ಡಬ್ಬಿ ಬಿಚ್ಚಿದರು. ನನಗೂ ಒಂದು ತಟ್ಟೆ ಬಂತು. ಮುಂದಿನ ವರ್ಷ ಇವರನ್ನು ಬಿಟ್ಟು ಬೇರೆಯವರನ್ನು ತರೋಣ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರಲು ಸಾಧ್ಯವೇ ಇರಲಿಲ್ಲ.

ಮಾರ್ಚ್ 7ರ ರಾತ್ರಿ ಅದೇ ಗೆಳೆಯನಿಗೆ ಮೆಸೇಜ್ ಹಾಕಿದೆ. ಅಲ್ಲಿ ಆಗ ಬೆಳಿಗ್ಗೆ. "ಏನ್ ಮಾರಾಯ, ಮನೆ ಹುಡುಗನ್ನ ಕೊಟ್ಟು ಬೇರೆಯವರ ಮನೆಯಿಂದ ತರೋದಾ? ಅದೆಂಥ ತಂಡ?" ಅಂತ ಬಂತು ಉತ್ತರ. ನನ್ನ ಹತ್ತಿರ ಜವಾಬು ಇರಲಿಲ್ಲ.

ಇಲ್ಲಿನವರ ವಾದ ನನಗೆ ಗೊತ್ತು. ನಮ್ಮ ಸ್ಟಾರ್‌ಗಳು ಮ್ಯಾಥ್ಯೂಸ್, ಮಾರ್ನರ್, ನೈಲ್ಯಾಂಡರ್ ಒಟ್ಟಿಗೆ ಇರುವಾಗಲೇ ಗೆಲ್ಲಬೇಕು, ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ, ಮುಂದಿನದ್ದು ಮುಂದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಹುಟ್ಟಿನಿಂದ ಲೀಫ್ಸ್ ಅಭಿಮಾನಿ. "ಪಿಕ್ ಕಪ್ ಎತ್ತಲ್ಲ" ಅಂತ ನನಗೆ ಸಮಾಧಾನ ಹೇಳಿದರು. ಸರಿ, ಹಾಗಾದರೆ ಕೊಟ್ಟು ತಂದಿದ್ದು ಏನು ಎತ್ತಿತು? 2021ರಲ್ಲಿ ನಿಕ್ ಫೊಲಿನೊಗೆ ಮೊದಲ ಸುತ್ತಿನ ಪಿಕ್ ಕೊಟ್ಟರು. ಅವನು ಗಾಯಗೊಂಡ, ಪ್ಲೇಆಫ್‌ನಲ್ಲಿ ನಾಲ್ಕು ಪಂದ್ಯ ಆಡಿದ, ಬೇಸಿಗೆಯಲ್ಲಿ ಬಾಸ್ಟನ್‌ಗೆ ಹೋದ. ಲಾಟನ್ ಸೀಸನ್‌ನ ಉಳಿದ ಇಪ್ಪತ್ತು ಪಂದ್ಯದಲ್ಲಿ ಎರಡು ಗೋಲು ಹೊಡೆದ. ಪ್ಲೇಆಫ್‌ನಲ್ಲಿ ಒಂದೂ ಇಲ್ಲ.

ಅದೇ ಮಾರ್ಚ್ 7ರಂದು ಫ್ಲೋರಿಡಾ ಏನು ಮಾಡಿತು ನೋಡಿ. ಬಾಸ್ಟನ್ ನಾಯಕ ಬ್ರ್ಯಾಡ್ ಮಾರ್ಶಂಡ್‌ನನ್ನು ತಂದರು. ಕೊಟ್ಟಿದ್ದು ಎರಡನೇ ಸುತ್ತಿನ ಒಂದು ಪಿಕ್. ತಂಡ ಮುಂದೆ ಹೋದರೆ ಮಾತ್ರ ಅದು ಮೊದಲ ಸುತ್ತಿನದಾಗಬೇಕು ಎಂಬ ಷರತ್ತು. ಮೇ ತಿಂಗಳಲ್ಲಿ ನಮಗೆ ಎದುರಾದದ್ದು ಅದೇ ಫ್ಲೋರಿಡಾ. ಮೊದಲ ಎರಡು ಪಂದ್ಯ ಗೆದ್ದೆವು. ಮೂರನೆಯದರ ಓವರ್‌ಟೈಮ್‌ನಲ್ಲಿ ಗೋಲು ಹೊಡೆದದ್ದು ಮಾರ್ಶಂಡ್. ಏಳನೇ ಪಂದ್ಯ, ಮೇ 18, ನಮ್ಮದೇ ಅಂಗಳ. 6-1ರಿಂದ ಸೋತೆವು. ಅದರಲ್ಲೂ ಮಾರ್ಶಂಡ್ ಒಂದು ಗೋಲು, ಎರಡು ಅಸಿಸ್ಟ್. ಕೆಲವರು ಜರ್ಸಿ ಬಿಚ್ಚಿ ಐಸ್ ಮೇಲೆ ಎಸೆದರು. ಮಗ ನನ್ನ ಮುಖ ನೋಡಿದ. ನಮ್ಮ ಕಡೆ ಜರ್ಸಿ ಎಸೆಯುವುದಿಲ್ಲ ಕಣೋ ಅಂದೆ. ಜರ್ಸಿ ಮೇಲೆ ಮನೆತನದ ಹೆಸರಿರುವಾಗ ಯಾರು ಎಸೆಯುತ್ತಾರೆ?

ಜೂನ್ ಕೊನೆಯಲ್ಲಿ ಇಲ್ಲೇ ಮಾರ್ಕಮ್‌ನಲ್ಲಿ ಹುಟ್ಟಿದ ಮಿಚ್ ಮಾರ್ನರ್ ಕೂಡ ವೇಗಸ್‌ಗೆ ಹೊರಟ. ಅದರ ಬಗ್ಗೆ ಬರೆಯಲು ಇನ್ನೂ ಮನಸ್ಸಾಗುತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ಮಾತು ಒಪ್ಪಲೇಬೇಕು. ಮೈದಾನಕ್ಕೆ ನಾನೇ ಕರೆದುಕೊಂಡು ಹೋಗಿದ್ದ ನನ್ನ ತಂಗಿಗೆ ಹಾಕಿ ಅಂದರೆ ಪ್ರಾಣ. ನಮ್ಮದು ಕೊಡವ ಮನೆತನ ಅಲ್ಲವಲ್ಲ, ಆ ಹಬ್ಬದಲ್ಲಿ ಅವಳ ಜಾಗ ಗ್ಯಾಲರಿಯಲ್ಲೇ ಆಯಿತು. ಹುಟ್ಟಿನಿಂದ ಬರುವ ತಂಡಕ್ಕೆ ಬೇರೆಯವರು ಸೇರುವ ದಾರಿ ಇಲ್ಲ. ಇಲ್ಲಿ ನನ್ನ ಮಗ ನಾಲ್ಕನೇ ವಯಸ್ಸಿಗೆ ಬಂದಿಳಿದ, ಮರುವರ್ಷ ನಮ್ಮ ಏರಿಯಾದ ತಂಡದಲ್ಲಿದ್ದ. ನಿಮ್ಮ ಮನೆ ಹೆಸರೇನು ಅಂತ ಯಾರೂ ಕೇಳಲಿಲ್ಲ.

ಲಾಟನ್ ವಿಷಯದಲ್ಲೂ ಅಷ್ಟೇ. ಅವನು ಬೆಳೆದದ್ದು ನಮ್ಮ ಪಕ್ಕದ ಓಕ್‌ವಿಲ್‌ನಲ್ಲಿ. ಫಿಲಡೆಲ್ಫಿಯಾ ಅವನನ್ನು ಆರಿಸಿದ್ದು 2012ರಲ್ಲಿ. ಅಲ್ಲಿಂದ ಇಷ್ಟು ವರ್ಷ ಪರಊರಿನಲ್ಲಿ ಆಡಿ, ಟ್ರೇಡ್‌ನಿಂದಾಗಿಯೇ ತನ್ನ ಊರಿನ ತಂಡಕ್ಕೆ ಬಂದ. ಗೋಲು ಬರಲಿಲ್ಲ, ನಿಜ. ಆದರೆ ನನ್ನನ್ನು ಯಾರಾದರೂ ಹೀಗೆ ಒಂದು ಮಧ್ಯಾಹ್ನ ಮಡಿಕೇರಿಗೆ ಟ್ರೇಡ್ ಮಾಡಿದರೆ ನಾನು ಬೇಡ ಅನ್ನುತ್ತೇನಾ? ಕಾರ್ಲೊ ಕೂಡ ಕೆಟ್ಟ ಆಟಗಾರನಲ್ಲ.

ಆದರೂ ಬೆಲೆ ಜಾಸ್ತಿಯಾಯಿತು ಎಂಬ ನನ್ನ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. 2028ರ ಮೊದಲ ಸುತ್ತಿನ ಪಿಕ್ 2025ರ ಬೇಸಿಗೆಯಲ್ಲಿ ಇನ್ನೂ ನಮ್ಮ ಹತ್ತಿರ ಇತ್ತು. ಅದರಲ್ಲಿ ಬರಬೇಕಾದ ಹುಡುಗನಿಗೆ ಆಗ ಹದಿನೈದು ವರ್ಷ ಇದ್ದಿರಬಹುದು. ಎಲ್ಲೋ ಒಂದು ರಿಂಕ್‌ಗೆ ಬೆಳಗಿನ ಜಾವ ಐದಕ್ಕೆ ಅವನ ಅಪ್ಪ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿರುತ್ತಾನೆ. ಮುಂದಿನ ಮಾರ್ಚ್‌ನಲ್ಲಿ ಅವನನ್ನಾದರೂ ಕೊಡಬೇಡಿ.